ತಾಡಪತ್ರಿಯ ವಂಶಾವಳಿ

ಕೆನಡಾದ ಕ್ಯಾಲ್ಗರಿ. ಜುಲೈ ತಿಂಗಳ ಸ್ಟ್ಯಾಂಪೀಡ್ ಉತ್ಸವದ ಒಂದು ಸಂಜೆ. ಇನ್ನರ್ಧ ಗಂಟೆಗೆ ಚಕ್‌ವ್ಯಾಗನ್, ಅಂದರೆ ಕುದುರೆ ಎಳೆಯುವ ಅಡುಗೆಬಂಡಿಗಳ ಓಟ. ಕುದುರೆಗಳನ್ನೇ ಮಾತಾಡಿಸೋಣವೆಂದು ಲಾಯದ ಕಡೆ ಹೊರಟಿದ್ದೆ. 'ಅವಕ್ಕೆ ಮಾಧ್ಯಮದ ಜೊತೆ ಮಾತಾಡುವ ಅಧಿಕಾರವಿಲ್ಲ, ಏನಿದ್ದರೂ ನನ್ನನ್ನು ಕೇಳಿ' ಎಂದು ಬಂಡಿಯ ಮೇಲಿಂದ ದನಿ ಬಂತು. ತಲೆಯೆತ್ತಿದರೆ, ಕಮಾನಿಗೆ ಬಿಗಿದು ಕಟ್ಟಿದ ತಾಡಪತ್ರಿ. ಎರಡೂ ಪಕ್ಕೆಯ ಮೇಲೆ ಒಂದು ಕಂಪನಿಯ ಹೆಸರು, ಮೊಳದುದ್ದದ ಅಕ್ಷರಗಳಲ್ಲಿ. ಓಡಿಸುವವನ ಹೆಸರು ಹುಡುಕಲು ಮಾತ್ರ ಕನ್ನಡಕ ಹಾಕಿಕೊಳ್ಳಬೇಕಾಯಿತು.

ನಾನು: ನಮ್ಮೂರಲ್ಲಿ ಮಳೆ ಬಂದರೆ ಮೆಕ್ಕೆಜೋಳದ ರಾಶಿಗೆ ಹೊದಿಸುತ್ತೇವಲ್ಲ, ಅದೇ ತಾನೇ ನೀವು?

ತಾಡಪತ್ರಿ: ಜಾತಿ ಅದೇ, ಅಂತಸ್ತು ಬೇರೆ. ನಿಮ್ಮೂರ ತಾಡಪತ್ರಿಯನ್ನು ಸಬ್ಸಿಡಿಯಲ್ಲಿ ಕೊಡುತ್ತಾರಂತೆ. ನನ್ನನ್ನು ಹರಾಜಿನಲ್ಲಿ ಕೂಗುತ್ತಾರೆ. 1979ರಿಂದ ನಡೆದುಬಂದ ಪದ್ಧತಿ. 2012ರಲ್ಲಿ ಕೆಲಿ ಸದರ್ಲೆಂಡ್ ಎಂಬ ಸಾರಥಿಯ ಬಂಡಿಯ ಬಟ್ಟೆ ಎಷ್ಟಕ್ಕೆ ಹೋಯಿತು ಗೊತ್ತೇ? ಮೂರು ಲಕ್ಷ ಡಾಲರ್! ಹತ್ತು ದಿನದ ಉತ್ಸವಕ್ಕೆ. ಆ ವರ್ಷ ಸ್ಟ್ಯಾಂಪೀಡಿಗೆ ನೂರು ತುಂಬಿತ್ತು, ಎಲ್ಲ ಬಂಡಿಗಳ ಬಟ್ಟೆ ಸೇರಿ 40 ಲಕ್ಷ ಡಾಲರ್ ದಾಟಿತು. ಬರೆದುಕೊಳ್ಳಿ.

(ಬರೆದುಕೊಂಡೆ.)

ನಾನು: ಅಷ್ಟು ಬಾಡಿಗೆ ಕೊಟ್ಟವರು ಒಳಗೆ ಬಂದು ಕೂರುತ್ತಾರೆಯೇ?

ತಾಡಪತ್ರಿ: ಕೂತರೆ ಸೊಂಟ ಉಳಿಯುತ್ತದೆಯೇ! ಹೆಸರು ಬಂಡಿಯ ಮೇಲೆ ಕೂರುತ್ತದೆ, ಅವರು ಗ್ಯಾಲರಿಯಲ್ಲಿ ಗಿರಾಕಿಗಳ ಜೊತೆ ಕೂರುತ್ತಾರೆ. ಒಳಗೆ ಯಾರೂ ಇಲ್ಲ.

ನಾನು: ಮತ್ತೆ ಅಡುಗೆ ಸಾಮಾನು? 'ಚಕ್' ಅಂದರೆ ಆ ಕಾಲದ ದನಗಾಹಿಗಳ ಬಾಯಲ್ಲಿ ಊಟ ಅಂತ ಅರ್ಥವಲ್ಲವೇ?

ತಾಡಪತ್ರಿ: ಓದಿಕೊಂಡು ಬಂದಿದ್ದೀರಿ. ಅದು ನಮ್ಮ ಮುತ್ತಜ್ಜಿಯ ಕಾಲದ ಮಾತು. 1866ರಲ್ಲಿ ಟೆಕ್ಸಾಸಿನ ಚಾರ್ಲ್ಸ್ ಗುಡ್‌ನೈಟ್ ಎಂಬ ದನದ ವ್ಯಾಪಾರಿ ಸೈನ್ಯದ ಒಂದು ಹಳೇ ಬಂಡಿ ತಂದು, ಹಿಂಬದಿಗೆ ಗೂಡುಗಳ ಪೆಟ್ಟಿಗೆ ಜಡಿಸಿದ. ಬೀನ್ಸ್ ಕಾಳು, ಹಿಟ್ಟು, ಕಾಫಿಪುಡಿ ಎಲ್ಲ ಅದರಲ್ಲಿ. ತಿಂಗಳುಗಟ್ಟಲೆ ದನ ಹೊಡೆದುಕೊಂಡು ಹೋಗುವವರಿಗೆ ಅದೇ ಅಡುಗೆಮನೆ, ಅದೇ ಔಷಧದಂಗಡಿ. ಮುತ್ತಜ್ಜಿಯ ಕೆಲಸ ಒಂದೇ, ಹಿಟ್ಟು ನೆನೆಯದಂತೆ ನೋಡಿಕೊಳ್ಳುವುದು. ರಾತ್ರಿ ಮಲಗುವ ಮುಂಚೆ ಅಡುಗೆಯವನು ಬಂಡಿಯ ಮೂಕಿಯನ್ನು ಧ್ರುವನಕ್ಷತ್ರದ ಕಡೆಗೆ ತಿರುಗಿಸಿಡುತ್ತಿದ್ದನಂತೆ, ಬೆಳಿಗ್ಗೆ ಎದ್ದವರಿಗೆ ದಿಕ್ಕು ತಪ್ಪದಿರಲಿ ಅಂತ.

ನಾನು: ಈಗ ಮೂಕಿ ಯಾವ ಕಡೆಗೆ?

ತಾಡಪತ್ರಿ: ತೈಲಬಾವಿಯ ಕಡೆಗೆ. ನಗಬೇಡಿ. ಇದು ಆಲ್ಬರ್ಟಾ. ನನ್ನ ಮೇಲೆ ಹಣ ಹಾಕುವವರಲ್ಲಿ ಎಣ್ಣೆ ಕಂಪನಿಗಳು, ಎಣ್ಣೆ ಕಂಪನಿಗಳಿಗೆ ಪೈಪು ಮಾರುವವರು, ಪೈಪು ಸಾಗಿಸುವವರು, ಇವರದೇ ಮೇಲುಗೈ. ಪೀಪಾಯಿಯ ಬೆಲೆ ಏರಿದರೆ ನಾನು ರೇಷ್ಮೆ, ಇಳಿದರೆ ಗೋಣಿ. 2014ರ ಕೊನೆಗೆ ತೈಲದ ದರ ಕುಸಿಯಿತು ನೋಡಿ, 2016ರ ಹರಾಜು 2012ರ ಅರ್ಧದ ಹತ್ತಿರಕ್ಕೆ ಬಂದು ಕೂತಿತು. ಕುದುರೆ ಅಷ್ಟೇ ಜೋರಾಗಿ ಓಡಿತ್ತು, ಸಾರಥಿಯೂ ಅವನೇ. ಎಲ್ಲೋ ಅರಬ್ ದೇಶದಲ್ಲಿ ಯಾರೋ ನಲ್ಲಿ ತಿರುಗಿಸಿದರೆ ಇಲ್ಲಿ ಹುಲ್ಲಿಗೆ ದುಡ್ಡಿಲ್ಲ.

ನಾನು: ಓಟಕ್ಕೂ ಒಬ್ಬ ಪ್ರಾಯೋಜಕ ಇದ್ದರಂತಲ್ಲ?

ತಾಡಪತ್ರಿ: ಎಷ್ಟೋ ವರ್ಷ 'ಜಿಎಂಸಿ ರೇಂಜ್‌ಲ್ಯಾಂಡ್ ಡರ್ಬಿ' ಅಂತಲೇ ಹೆಸರು. ಜಿಎಂಸಿ ಟ್ರಕ್ ಮಾಡುವವರು. ಕುದುರೆಬಂಡಿಯನ್ನು ಮನೆಗೆ ಕಳಿಸಿದವರೇ ಕುದುರೆಬಂಡಿಯ ಓಟಕ್ಕೆ ಹಣ ಕೊಟ್ಟರು. ದೊಡ್ಡ ಮನಸ್ಸು.

(ಇದು ವ್ಯಂಗ್ಯವೋ ಕೃತಜ್ಞತೆಯೋ ತಿಳಿಯಲಿಲ್ಲ. ಬಟ್ಟೆಗೆ ಮುಖಭಾವ ಇರುವುದಿಲ್ಲ, ಲೋಗೋ ಇರುತ್ತದೆ.)

ನಾನು: ಅಡುಗೆಬಂಡಿ ಓಡಲು ಶುರುಮಾಡಿದ್ದು ಯಾಕೆ?

ತಾಡಪತ್ರಿ: ದನಗಾಹಿಗಳ ತಂಡಗಳು ಊರ ಹೆಂಡದಂಗಡಿಗೆ ಪೈಪೋಟಿಯಲ್ಲಿ ಓಡಿಸುತ್ತಿದ್ದವಂತೆ, ಕೊನೆಗೆ ಬಂದವರು ಎಲ್ಲರಿಗೂ ಕುಡಿಸಬೇಕು. ಇದು ಕಟ್ಟುಕಥೆಯೂ ಇರಬಹುದು, ಆದರೆ ಕುಡಿದವರ ಕಥೆಯಾದ್ದರಿಂದ ನಂಬಬಹುದು. ಕ್ಯಾಲ್ಗರಿಯಲ್ಲಿ ಅದನ್ನು ಆಟವಾಗಿಸಿದ್ದು ಗೈ ವೀಡಿಕ್, 1923ರಲ್ಲಿ. 1912ರಲ್ಲಿ ಸ್ಟ್ಯಾಂಪೀಡ್ ಶುರುಮಾಡಿದವನೂ ಅವನೇ. ಮೊದಮೊದಲು ಬಂಡಿ ಓಡಿ ಬಂದ ಮೇಲೆ ಕುದುರೆ ಬಿಚ್ಚಿ, ಬಟ್ಟೆ ಎಳೆದು ಕಟ್ಟಿ, ಒಲೆ ಹೊತ್ತಿಸಬೇಕಿತ್ತು. ಯಾರ ಒಲೆಯ ಹೊಗೆ ಮೊದಲು ಮೇಲೇಳುತ್ತದೋ ಅವರು ಗೆದ್ದಂತೆ.

ನಾನು: ಚೆನ್ನಾಗಿತ್ತಲ್ಲ!

ತಾಡಪತ್ರಿ: ಹೊಗೆ ಎದ್ದರೆ ನನ್ನ ಮೇಲಿನ ಅಕ್ಷರ ಕಾಣುತ್ತದೆಯೇ? ಈಗ ಒಲೆ ಹೆಸರಿಗಷ್ಟೇ. ಕಹಳೆ ಊದಿದ ಕೂಡಲೇ ಔಟ್‌ರೈಡರ್ ಎಂಬ ಜೊತೆಸವಾರ ಆ ಹುಸಿ ಒಲೆಯನ್ನು ಬಂಡಿಯ ಹಿಂದಕ್ಕೆ ಎಸೆದು, ಕುದುರೆ ಹತ್ತಿ ಬೆನ್ನಟ್ಟಿ ಬರುತ್ತಾನೆ. ಮುಂಚೆ ಬಂಡಿಗೆ ನಾಲ್ವರು ಔಟ್‌ರೈಡರ್‌ಗಳು, 2011ರಿಂದ ಇಬ್ಬರೇ. ಬಂಡಿ ಎರಡು ಪೀಪಾಯಿಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿ, ಆಮೇಲೆ ಪಥಕ್ಕೆ ನುಗ್ಗಬೇಕು. ಪೀಪಾಯಿ ಉರುಳಿಸಿದರೆ ಐದು ಸೆಕೆಂಡು ದಂಡ. ಈ ಎಂಟರ ತಿರುವು ಯಾಕೆ ಅಂತ ಪಂಡಿತರು ಏನೇನೋ ಹೇಳುತ್ತಾರೆ. ನನ್ನ ಎರಡೂ ಪಕ್ಕೆ ಗ್ಯಾಲರಿಗೆ ಕಾಣಲಿ ಅಂತ, ಅಷ್ಟೇ. ಆಮೇಲಿನದು ಅರ್ಧ ಮೈಲಿಯ ನರಕ. ನಾವಲ್ಲ, ಜನ ಇಟ್ಟ ಹೆಸರು. ಸುಮಾರು ಒಂದೂಕಾಲು ನಿಮಿಷದ ನರಕ.

ನಾನು: ಈ ಆಟದಲ್ಲಿ ಮನೆತನಗಳ ಮಾತು ಬಹಳ ಕೇಳುತ್ತೇವೆ.

ತಾಡಪತ್ರಿ: ಅದೇ ನಮ್ಮ ಸರಕು. ಗ್ಲಾಸ್ ಮನೆತನ ನೋಡಿ. ಮುತ್ತಾತ ಟಾಮ್ ಲಾಡರ್, ತಾತ ರಾನ್ ಗ್ಲಾಸ್, ಅಪ್ಪ ಟಾಮ್ ಗ್ಲಾಸ್, ಮಗ ಜೇಸನ್. ಜೇಸನ್ 2013ರಲ್ಲಿ ಡರ್ಬಿ ಗೆದ್ದ. ಚದುರಂಗದ ಹಾಸಿನಂಥ ಕಪ್ಪು ಬಿಳಿ ಚೌಕಗಳ ಬಂಡಿ ಕಂಡರೆ ಗ್ಲಾಸ್ ಮನೆಯವರದ್ದು ಅಂತ ಮಕ್ಕಳೂ ಹೇಳುತ್ತಾರೆ. ಸದರ್ಲೆಂಡ್ ಮನೆಯಲ್ಲಿ ಕೆಲಿ 12 ಸಲ ಇಲ್ಲಿ ಗೆದ್ದು, ಟೋಪಿಗೆ ಹದ್ದಿನ ಗರಿ ಸಿಕ್ಕಿಸಿಕೊಂಡು ರಾಜನೆನಿಸಿಕೊಂಡು, 2017ರಲ್ಲಿ ಲಗಾಮು ಕೆಳಗಿಟ್ಟ. ಮಗ ಮಾರ್ಕ್ ಹಿಡಿದ, ಮೊಮ್ಮಗ ಡೇಟನ್ ಹಿಡಿದ. ಹರಾಜಿನ ದಿನ ಕಂಪನಿಯವರು ಕೊಳ್ಳುವುದು ಇದನ್ನೇ. ನಾಲ್ಕು ತಲೆಮಾರು ಅಂದರೆ ಕೈ ಮೇಲೇಳುತ್ತದೆ.

ನಾನು: ಹಿಂದೆ ನಮ್ಮಲ್ಲಿ ತಾಡಪತ್ರದ ಮೇಲೆ ವಂಶಾವಳಿ ಬರೆಸುತ್ತಿದ್ದರು. ಇಲ್ಲಿ ವಂಶವನ್ನು ತೋರಿಸಿ ತಾಡಪತ್ರಿಯ ಮೇಲೆ ಬೇರೆಯವರ ಹೆಸರು ಬರೆಸುತ್ತಾರೆ.

ತಾಡಪತ್ರಿ: ಚೆನ್ನಾಗಿ ಹೇಳಿದಿರಿ, ಆದರೆ ತಿರಸ್ಕಾರ ಬೇಡ. ಬೇಸಿಗೆಯ ಉದ್ದಕ್ಕೂ ಗ್ರಾಂಡ್ ಪ್ರೇರಿಯಿಂದ ಮೆಡಿಸಿನ್ ಹ್ಯಾಟ್, ಪೊನೋಕಾ ಅಂತ ಊರೂರು ಸುತ್ತಬೇಕು. ಹೆಂಡತಿ ಮಕ್ಕಳೆಲ್ಲ ಲಾಯದಲ್ಲೇ, ಕುದುರೆಗಳಿಗೆ ಹುಲ್ಲು, ಲಾಳ, ಡಾಕ್ಟರು, ಸಾಗಿಸಲು ಡೀಸೆಲ್. ಗೆದ್ದವರ ಬಹುಮಾನವನ್ನೇ ನಂಬಿದರೆ ಚಳಿಗಾಲಕ್ಕೆ ಕುದುರೆಯನ್ನೇ ಮಾರಬೇಕು. ಕ್ಯಾಲ್ಗರಿಯಲ್ಲಿ ನನ್ನನ್ನು ಮಾರಿದ ದುಡ್ಡು ವರ್ಷವಿಡೀ ಮನೆ ನಡೆಸುತ್ತದೆ. ಹಾಗಾಗಿ ವಂಶ ಅವರದು, ಅದನ್ನು ಉಳಿಸಿದವನು ಬಾಡಿಗೆದಾರ. ಅವನು ಮುಂದಿನ ವರ್ಷ ಬರುತ್ತಾನೋ ಇಲ್ಲವೋ, ಮನೆ ಮಂದಿಗೆ ಗೊತ್ತಿರುವುದಿಲ್ಲ.

ನಾನು: ಗ್ಲಾಸ್ ಮನೆಯವರು ಒಬ್ಬ ಹುಡುಗನನ್ನು ಕಳೆದುಕೊಂಡಿದ್ದರಲ್ಲವೇ?

ತಾಡಪತ್ರಿ (ದನಿ ತಗ್ಗಿಸಿ): ರಾಡ್ ಗ್ಲಾಸ್. 1971, ಇದೇ ಕ್ಯಾಲ್ಗರಿ. ಔಟ್‌ರೈಡರ್ ಆಗಿದ್ದ. ಆ ಮನೆಯವರು ಮತ್ತೆಯೂ ಬಂಡಿ ಕಟ್ಟಿದರು. ಯಾಕೆ ಅಂತ ಕೇಳಬೇಡಿ, ನಾನು ಬಟ್ಟೆ. ಆ ದುಃಖವನ್ನು ಯಾವ ಕಂಪನಿಯೂ ಹರಾಜಿನಲ್ಲಿ ಕೊಂಡಿಲ್ಲ.

(ಇಡೀ ಸಂದರ್ಶನದಲ್ಲಿ ಅದು ಲೋಗೋ ಮರೆತು ಮಾತಾಡಿದ್ದು ಇದೊಂದೇ ಸಲ ಅನ್ನಿಸಿತು. ಗಾಳಿ ಬೀಸಿತು, ಮತ್ತೆ ಬಿಗಿಯಾಯಿತು.)

ನಾನು: ಕುದುರೆಗಳ ವಿಷಯಕ್ಕೆ ಬರೋಣ.

ತಾಡಪತ್ರಿ: ಕುದುರೆಗಳು ನಮ್ಮ ಕುಟುಂಬದ ಸದಸ್ಯರು. ಅವುಗಳ ಕ್ಷೇಮವೇ ನಮ್ಮ ಮೊದಲ ಆದ್ಯತೆ.

ನಾನು: 2019ರಲ್ಲಿ ಹತ್ತು ದಿನದಲ್ಲಿ ಬಂಡಿ ಓಟದ ಆರು ಸದಸ್ಯರು ಸತ್ತರು.

ತಾಡಪತ್ರಿ: ಗಾಳಿ ಜೋರಾಗಿದೆ, ಕೇಳಿಸಲಿಲ್ಲ.

ನಾನು: ಆರು. ವ್ಯಾಂಕೂವರ್ ಹ್ಯೂಮೇನ್ ಸೊಸೈಟಿಯವರು ಓಟ ನಿಲ್ಲಿಸಿ ಎನ್ನುತ್ತಲೇ ಇದ್ದಾರೆ.

ತಾಡಪತ್ರಿ: ನೋಡಿ, ಇವೆಲ್ಲ ಥರೋಬ್ರೆಡ್‌ಗಳು. ರೇಸ್‌ಕೋರ್ಸಿನಲ್ಲಿ ಗೆಲ್ಲದೆ ಮೂಲೆಗೆ ಬಿದ್ದವನ್ನು ನಮ್ಮವರು ಕೊಂಡು ತರುತ್ತಾರೆ. ಇಲ್ಲದಿದ್ದರೆ ಎಷ್ಟೋ ಕುದುರೆಗಳು ಕಸಾಯಿಖಾನೆಗೆ ಹೋಗುತ್ತಿದ್ದವು. ಓಡುವುದು ಅವುಗಳ ರಕ್ತದಲ್ಲೇ ಇದೆ. ನಮ್ಮವರು ರಾತ್ರಿಯೆಲ್ಲ ಕಾಲಿಗೆ ಮಂಜುಗಡ್ಡೆ ಹಿಡಿದು ಕೂತದ್ದನ್ನು ನಾನು ನೋಡಿದ್ದೇನೆ. ಸುಳ್ಳಲ್ಲ.

ನಾನು: ಸುಳ್ಳು ಅಂತ ನಾನೂ ಹೇಳಲಿಲ್ಲ. ಪ್ರೀತಿಯೂ ಇದೆ, ಅಪಾಯವೂ ಇದೆ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದವರು ಯಾರು ಅಂತ ಕೇಳುತ್ತಿದ್ದೇನೆ.

ತಾಡಪತ್ರಿ: ಸುಧಾರಣೆ ಆಗಿದೆ. 2020ರಲ್ಲಿ ಸಾಂಕ್ರಾಮಿಕದಿಂದ ಉತ್ಸವವೇ ಇಲ್ಲ. 2021ರಲ್ಲಿ ಉತ್ಸವ ಇತ್ತು, ಬಂಡಿ ಓಟ ಇರಲಿಲ್ಲ. 2022ರಲ್ಲಿ ಮತ್ತೆ ಶುರುವಾದಾಗ ಒಂದು ಸುತ್ತಿಗೆ ನಾಲ್ಕು ಬಂಡಿಯ ಬದಲು ಮೂರು. ಪಥದಲ್ಲಿ ನೂಕುನುಗ್ಗಲು ಕಡಿಮೆ. ಜೊತೆಗೆ, ಗುಟ್ಟಾಗಿ ಹೇಳುತ್ತೇನೆ, ಮೂರೇ ಬಂಡಿ ಇದ್ದರೆ ಟೀವಿಯಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ.

ನಾನು: ನಿಮ್ಮ ಮೇಲೆ ಇದುವರೆಗೆ ಯಾರ ಯಾರ ಹೆಸರು ಇತ್ತು?

ತಾಡಪತ್ರಿ: ನನ್ನ ಮೇಲೆ ಇದೊಂದೇ. ಆದರೆ ನಮ್ಮ ಮನೆಯ ಲೆಕ್ಕ ಬಾಯಿಪಾಠ. ಅಮ್ಮನ ಮೇಲೆ ಬಾವಿ ತೋಡುವ ಕಂಪನಿ, ಅಜ್ಜಿಯ ಮೇಲೆ ಪೈಪ್‌ಲೈನಿನವರು, ಅದಕ್ಕೂ ಮುಂಚೆ ಟ್ರಕ್ ಮಾರುವವರು, ಒಬ್ಬ ವಕೀಲ, ಒಂದು ಮಾಂಸದ ಅಂಗಡಿ, ಮಧ್ಯೆ ಒಂದು ವರ್ಷ ಯಾರೂ ಇಲ್ಲದೆ ಬರೀ ಬಿಳಿ. ಆ ವರ್ಷದ ಬಗ್ಗೆ ಮನೆಯಲ್ಲಿ ಮಾತಾಡುವುದಿಲ್ಲ.

ನಾನು: ಈ ಬಂಡಿಗೆ ಕಟ್ಟಿದ ನಾಲ್ಕು ಕುದುರೆಗಳ ಹೆಸರು?

ತಾಡಪತ್ರಿ: ಮುಂದಿನ ಎಡ. ಮುಂದಿನ ಬಲ. ಹಿಂದಿನ ಎಡ. ಹಿಂದಿನ...

ನಾನು: ಅದು ಜಾಗ. ಹೆಸರು?

ಸ್ವಲ್ಪ ಹೊತ್ತು ಬಟ್ಟೆ ಪಟಪಟ ಬಡಿದುಕೊಂಡಿತು. ಆಮೇಲೆ, ಕಂಪನಿಯ ದನಿಯಲ್ಲಲ್ಲ, ಹಿಟ್ಟಿನ ಚೀಲ ಕಾಯುತ್ತಿದ್ದ ಆ ಮುತ್ತಜ್ಜಿಯ ದನಿಯಲ್ಲಿ ಕೇಳಿತು: 'ಪತ್ರಕರ್ತರು ನೀವು. ಸತ್ತ ಆರರ ಹೆಸರು ನಿಮ್ಮ ಪುಸ್ತಕದಲ್ಲಿರಬೇಕಲ್ಲ, ಓದಿ ನೋಡೋಣ.'

ಟಿಪ್ಪಣಿ ಪುಸ್ತಕ ತಿರುವಿದೆ. ಮೂರು ಲಕ್ಷ ಡಾಲರ್ ಎಂದು ಬರೆದು ಎರಡು ಗೆರೆ ಎಳೆದಿದ್ದೆ. 40 ಲಕ್ಷ ಎಂಬುದರ ಕೆಳಗೂ ಗೆರೆ. ಸಾರಥಿಗಳ ಹೆಸರು, ಇಸವಿ, ಪೀಪಾಯಿಯ ದಂಡ. ಹಾಳೆಯ ಕೆಳತುದಿಯಲ್ಲಿ, 2019ರ ಎದುರಿಗೆ, 'ಕು. 6' ಎಂದು ಮಾತ್ರ ಇತ್ತು.

ಅಷ್ಟರಲ್ಲಿ ಕಹಳೆ ಕೂಗಿತು.