ಕಂಪನಿಗಿಂತ ಮೊದಲು ಕತೆ

ಕೆ.ಆರ್. ನಗರದ ಗರುಡಗಂಬ ಸರ್ಕಲ್ ಹತ್ತಿರದ ಯಾವುದಾದರೂ ಹೋಟೆಲಿಗೆ ಹೋಗಿ. ಕಪ್ಪು ಟೀ ಶರ್ಟು, ಟ್ರಿಮ್ ಮಾಡಿಸಿದ ಗಡ್ಡ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಇಡ್ಲಿಗಿಂತ ಮೊದಲು ಪ್ಲಗ್ ಪಾಯಿಂಟ್ ವಿಚಾರಿಸುವ ಹುಡುಗ ಕಂಡರೆ ಅವನೇ ಫೌಂಡರ್. ‘ಏನು ಕೆಲಸ ಮಾಡ್ತಿದ್ದೀಯಪ್ಪ?’ ಅಂತ ಮಾತ್ರ ಕೇಳಬೇಡಿ. ಕೆಲಸದ ವಿಷಯ ಬಿಟ್ಟು, ಕಂಪನಿ ಹುಟ್ಟಿದ್ದು ಹೇಗೆ ಅಂತ ಶುರು ಮಾಡುತ್ತಾನೆ. ನಿಮ್ಮ ಹಾಸನದ ರೈಲು ಹೋದಂತೆಯೇ.

ಹುಟ್ಟಿದ ಕತೆಯಿಲ್ಲದ ಕಂಪನಿಗೆ ಯಾರೂ ದುಡ್ಡು ಹಾಕುವುದಿಲ್ಲ ಎಂಬುದು ಅವನ ನಂಬಿಕೆ. ದೊಡ್ಡವರ ಪುರಾಣಗಳೆಲ್ಲ ಬಾಯಿಪಾಠ. 1981ರಲ್ಲಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಯಿಂದ ಇನ್ಫೋಸಿಸ್ ಶುರುವಾದದ್ದನ್ನು ಹೇಳುವಾಗ, ನಾರಾಯಣ ಮೂರ್ತಿಯವರು ಇಂಜಿನಿಯರಿಂಗ್ ಓದಿದ್ದು ಇಲ್ಲೇ ಮೈಸೂರಿನ ಎನ್‌ಐಇಯಲ್ಲಿ ಅಂತ ಸೋದರಮಾವನ ವಿಷಯದಂತೆ ಸೇರಿಸುತ್ತಾನೆ. ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದ ಫಣೀಂದ್ರ ಸಾಮ ಗೆಳೆಯರ ಜತೆ 2006ರಲ್ಲಿ ರೆಡ್‌ಬಸ್ ಕಟ್ಟಿದ್ದು, 2007ರಲ್ಲಿ ಕೋರಮಂಗಲದ ಫ್ಲ್ಯಾಟಿನಲ್ಲಿ ಇಬ್ಬರು ಬನ್ಸಲ್‌ಗಳು ಫ್ಲಿಪ್‌ಕಾರ್ಟ್ ಅಂತ ಪುಸ್ತಕ ಮಾರಲು ಕೂತದ್ದು, ಎಲ್ಲ ಬರುತ್ತದೆ. (ಹಬ್ಬಕ್ಕೆ ಟಿಕೆಟ್ ಸಿಗದ ಅನುಭವ ನನಗೂ ಬೇಕಾದಷ್ಟಿದೆ. ನಾನು ಸುಮ್ಮನೆ ನಿಂತುಕೊಂಡು ಬಂದೆ.)

ಇವನದು ಭತ್ತದ ಕತೆ. ಕೊಯ್ಲಿನ ಹೊತ್ತಿಗೆ ತಮಿಳುನಾಡಿನ ಕಡೆಯಿಂದ ಬರುವ ಕಟಾವು ಮಷೀನು ಸಿಗದೆ ಅಪ್ಪ ಗದ್ದೆ ಬದುವಿನ ಮೇಲೆ ಕಾದರು, ಮಳೆ ಬಂತು, ಪೈರು ಮಲಗಿತು, ಮಗನಿಗೆ ಆ್ಯಪ್ ಹೊಳೆಯಿತು. ಮೈಸೂರಿನ ಕಾಲೇಜುಗಳಲ್ಲಿ ಈ ಮಳೆ ಮೂರು ದಿನ ಸುರಿಯುತ್ತದೆ. ಬೆಂಗಳೂರಿನಲ್ಲಿ ಹೂಡಿಕೆದಾರರ ಮುಂದೆ ಒಂದು ವಾರ. ಅಪ್ಪನನ್ನು ಕೇಳಿದರೆ, ‘ಮಳೆ ಬಂದಿದ್ದು ದಿಟ ಕಣಪ್ಪ. ಇವ್ನು ಗದ್ದೆ ತಾವ ಇರ್ನಿಲ್ಲ. ನಾಟಿಗೂ ಕುಯ್ಲಿಗೂ ಇವ್ನಿಗೆ ತಪ್ಪದೆ ಜ್ವರ ಬತ್ತದೆ.’

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ಡೈರೆಕ್ಟರು ಬೇಕು. ಎರಡನೆಯವರು ಅಪ್ಪನೇ.

‘ಡೈರೆಕ್ಟ್ರು ಅಂದ್ರೆ ಡೇರಿ ಡೈರೆಕ್ಟ್ರು ಇದ್ದಂಗೇನ್ಲಾ? ಎಲೆಕ್ಸನ್ ಯಾವಾಗ?’

‘ಎಲೆಕ್ಷನ್ ಇಲ್ಲ ಕಣಪ್ಪ, ಸೈನ್ ಹಾಕಿದ್ರೆ ಆಯ್ತು.’

ಎಲೆಕ್ಷನ್ನೇ ಇಲ್ಲದ ಡೈರೆಕ್ಟರ್‌ಗಿರಿ! ಅವತ್ತಿನಿಂದ ಅಪ್ಪ ಪಂಚೆಗೆ ಇಸ್ತ್ರಿ ಹಾಕಿಸುತ್ತಿದ್ದಾರೆ.

ಬಂಡವಾಳ ಅವ್ವನದು, ಸ್ತ್ರೀಶಕ್ತಿ ಸಂಘದ ಸಾಲ. ಮಗ ಅದನ್ನು ಏಂಜೆಲ್ ಫಂಡಿಂಗ್ ಅನ್ನುತ್ತಾನೆ. ಅವ್ವ ವಾರದ ಕಂತು ಅನ್ನುತ್ತಾಳೆ, ಅದೂ ಅವನು ಝೂಮ್ ಕಾಲಿನಲ್ಲಿರುವಾಗಲೇ.

ಇನ್ನು ಆ್ಯಪ್. ಪರದೆ ತುಂಬ ಹಸಿರು ಗದ್ದೆ, ನಗುತ್ತಿರುವ ಪಗಡಿಯ ಪಂಜಾಬಿ ರೈತ, ಕೆಳಗೆ ‘ಮಷೀನ್ ಬುಕ್ ಮಾಡಿ’. ಒತ್ತಿದರೆ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ಕೊನೆಗೆ ಸಾಲಿಗ್ರಾಮದ ಕಡೆಯ ಒಬ್ಬ ಏಜೆಂಟರ ಕೀಪ್ಯಾಡ್ ಫೋನು ರಿಂಗಾಗುತ್ತದೆ. ಯಾವ ಮಷೀನು ಇವತ್ತು ಯಾರ ಗದ್ದೆಯಲ್ಲಿದೆ, ಗಂಟೆಗೆ ಎಷ್ಟು, ಹೋದ ವರ್ಷದ ಬಾಕಿ ಯಾರದು, ಎಲ್ಲ ಅವರ ಜೇಬಿನ ಡೈರಿಯಲ್ಲಿದೆ. ಫೌಂಡರ್ ಭಾಷೆಯಲ್ಲಿ ಅವರು ‘ನಮ್ಮ ಬ್ಯಾಕೆಂಡ್’. ಅವರಿಗೆ ಇದು ಇನ್ನೂ ಗೊತ್ತಿಲ್ಲ.

ನಡುವೆ ಭತ್ತ ಬಿಟ್ಟು ಹೊಗೆಸೊಪ್ಪಿನ ಆ್ಯಪ್ ಮಾಡುತ್ತೇನೆಂದು ಹುಣಸೂರು, ಪಿರಿಯಾಪಟ್ಟಣ ಸುತ್ತಿದ. ತಂಬಾಕು ಮಂಡಳಿಯ ಹರಾಜು ಆಗಲೇ ಎಲೆಕ್ಟ್ರಾನಿಕ್ ಆಗಿತ್ತು. ಎಚ್.ಡಿ. ಕೋಟೆಗೂ ಹೋಗಿದ್ದ, ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗಲಿಲ್ಲ. ಎರಡೂ ಈಗ ಕತೆಯಲ್ಲಿ ಸೇರಿವೆ.

ಆದರೂ ಹುಡುಗ ಒಳ್ಳೆಯವನು. ಈ ಸಲದ ಕೊಯ್ಲಿಗೆ ಅವನ ಆ್ಯಪ್ ಹಾಕಿಕೊಳ್ಳಿ, ಐದು ಸ್ಟಾರನ್ನೂ ಕೊಡಿ. ಏಜೆಂಟರ ನಂಬರನ್ನು ಮಾತ್ರ ಬೇರೆ ಬರೆದಿಟ್ಟುಕೊಂಡಿರಿ.