ಶುಷ್ಕಕೋಶದೊಡನೆ ಒಂದು ಆರ್ದ್ರ ಸಂಭಾಷಣೆ

ದಾವಣಗೆರೆಯ ಮಂಡಿಪೇಟೆಯ ಓಣಿಯೊಂದರಲ್ಲಿ, ಮಂಡಕ್ಕಿ ಮೂಟೆಗಳ ಮರೆಯಲ್ಲಿ ಹುದುಗಿಕೊಂಡಿರುವ ರಿಪೇರಿ ಅಂಗಡಿಯ ಮೇಜಿನ ಮೇಲೆ, ಹರಿಹರದ ನಮ್ಮ ಭಜನಾ ಮಂಡಳಿಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯು ಮುಚ್ಚಳ ಕಳಚಿಕೊಂಡು ಅಂಗಾತ ಮಲಗಿರಲು, ಅದರ ಉದರದಿಂದ ಹೊರತೆಗೆಯಲ್ಪಟ್ಟು, ಬಿಳಿಯ ಬೂಷ್ಟನ್ನು ಭಸ್ಮದಂತೆ ಧರಿಸಿ ಕುಳಿತಿದ್ದ ಸೆಲ್ಲೊಂದು ನನ್ನೊಡನೆ ಮಾತನಾಡಲು ಸಮ್ಮತಿಸಿತು. “ಸೋರೈತಿ ನೋಡ್ರಿ,” ಎಂದಷ್ಟೇ ಹೇಳಿ ಅಂಗಡಿಯಾತನು ಬೆಸುಗೆಯ ಕಡ್ಡಿಯನ್ನು ಕಾಯಲಿಟ್ಟನು.

ತಮ್ಮನ್ನು ಶುಷ್ಕಕೋಶವೆಂದು ಕರೆಯುವರು. ಈ ಜಲೋದರವೇಕೆ?

ಬಿರುದು ಕೊಟ್ಟವರು ನೀವು, ನಾನಲ್ಲ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಮಹಾಶಯನು ಗಾಜಿನ ಜಾಡಿಯಲ್ಲಿ ನೀರಾಗಿಸಿಟ್ಟ ನವಸಾಗರವನ್ನೇ, ಅಂದರೆ ಕಲಾಯಿಯವನು ಪಾತ್ರೆಗೆ ತಿಕ್ಕುವ ಆ ಉಪ್ಪನ್ನೇ, ಅನಂತರದವರು ಸರಿಯಂತೆ ಕಲಸಿ ಸತುವಿನ ಡಬ್ಬಿಗೆ ತುಂಬಿದರು. ಆ ಡಬ್ಬಿಯೇ ನನ್ನ ಮನೆ, ಅದೇ ನನ್ನ ಋಣಧ್ರುವ, ಅದೇ ನನ್ನ ಅನ್ನ. ನಿಮಗೆ ಷಡ್ಜವನ್ನು ಒದಗಿಸಿದಷ್ಟು ಹೊತ್ತೂ ನನ್ನ ಗೋಡೆಯನ್ನು ನಾನೇ ತಿಂದೆನು. ಋಣವನ್ನು ಇದಕ್ಕಿಂತ ಪ್ರಾಮಾಣಿಕವಾಗಿ ತೀರಿಸಿದವರು ನಿಮ್ಮ ಮಂಡಳಿಯಲ್ಲಿ ಯಾರಿದ್ದಾರೆ?

ಆದರೂ ಆಶ್ರಯವಿತ್ತ ಪೆಟ್ಟಿಗೆಗೆ ದ್ರೋಹವಲ್ಲವೇ?

ಪೆಟ್ಟಿಗೆ ಮೂಕವಾದಂದೇ ನನ್ನನ್ನು ತೆಗೆಯಬಹುದಾಗಿತ್ತು. ಅಟ್ಟಕ್ಕೇರಿಸಿದಿರಿ, ಒಂಬತ್ತು ದಸರೆಗಳು ಕಳೆದುವು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನೆಲೆನಿಂತು, ಲೇತುಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆದ ಊರು ನಿಮ್ಮದು. ಅಲ್ಲಿ ಅಂಗೈಯಗಲದ ಮುಚ್ಚಳವೊಂದನ್ನು ತೆರೆದು ನೋಡುವವರಿರಲಿಲ್ಲ! ಅಲ್ಲದೆ, ಸತ್ತ್ವವುಡುಗಿದ ಮೇಲೂ ಸ್ಥಾನವನ್ನು ಬಿಡದವನು ನಾನೊಬ್ಬನೇ ಏನು? ನಿಮ್ಮ ಅಧ್ಯಕ್ಷರು...

(ಇಲ್ಲಿ ನಾನು ಕೆಲವು ನಿಮಿಷ ಲೇಖನಿಯನ್ನು ಕೆಳಗಿಟ್ಟೆನು.)

ತಮ್ಮ ಬಂಧುವರ್ಗದವರೂ ಹೀಗೆಯೋ?

ಜಪಾನಿನಲ್ಲಿ 1981ರಲ್ಲಿ ಬಂದ ಕೋರ್ಗ್ ಪಾಲಿಸಿಕ್ಸ್ ಎಂಬ ವಾದ್ಯದೊಳಗೆ, ವಾದಕನು ಹೊಂದಿಸಿದ ನಾದಗಳ ನೆನಪನ್ನು ಕಾಯಲೆಂದು ನಿಕ್ಕಲ್-ಕ್ಯಾಡ್ಮಿಯಂ ವಂಶದ ನನ್ನ ಬಂಧುವೊಬ್ಬನನ್ನು ಫಲಕಕ್ಕೆ ಬೆಸೆದಿದ್ದರು. ವರ್ಷಗಳುರುಳಿದ ಮೇಲೆ ಅವನು ಕ್ಷಾರವನ್ನು ಕಾರಿ, ನೆನಪಿನ ಸುತ್ತಲ ತಾಮ್ರದ ಹಾದಿಗಳನ್ನೇ ನೆಕ್ಕಿಬಿಟ್ಟನು. ಕಾವಲಿಗೆ ನೇಮಕವಾದವರ ವಿಷಯ ನಿಮಗೆ ನಾನು ಹೇಳಬೇಕಾದುದಿಲ್ಲ.

ಗುಣಪಡಿಸುವ ಬಗೆ?

ಮೊದಲು ರೋಗಿಯ ಕುಲವನ್ನು ತಿಳಿಯಿರಿ. ಕ್ಷಾರ ಕಾರಿದವನಿಗೆ ವಿನೆಗರು ಸರಿ. ನನ್ನದು ಆಮ್ಲಪ್ರಕೃತಿ, ಅಡುಗೆಸೋಡಾದ ನೀರು ಬೇಕು. ನೀವೋ ದೀಪದ ಕಂಬವನ್ನು ಬೆಳಗುವಂತೆ ಹುಣಿಸೆಹಣ್ಣನ್ನು ತಿಕ್ಕಿದಿರಿ, ಆಮ್ಲದ ಮೇಲೆ ಆಮ್ಲ! 1224ರ ದೇಗುಲದಲ್ಲಿ ಹರಿಯನ್ನೂ ಹರನನ್ನೂ ಒಂದೇ ವಿಗ್ರಹದಲ್ಲಿ ಪೂಜಿಸುವ ಊರಿನವರಿಗೆ ಈ ಸಮನ್ವಯವು ಹೊಳೆಯದೆ ಹೋಯಿತಲ್ಲ.

ಅಷ್ಟರಲ್ಲಿ ಅಂಗಡಿಯಾತನು ಸೋಡಾನೀರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸ್ಪ್ರಿಂಗನ್ನು ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ, ಕೆಂಪು ತಂತಿಯೊಂದರ ಹೊದಿಕೆಯನ್ನು ಸುಲಿದನು. ಒಳಗೆ ತಾಮ್ರವು ಕಾಡಿಗೆಯಾಗಿತ್ತು. ಬೆಸುಗೆಯ ಸೀಸ ಅದಕ್ಕೆ ಅಂಟಲೊಲ್ಲದೆ ಮುತ್ತಿನಂತೆ ಉರುಳಿಹೋಯಿತು. ಅವನು ಒಂದಂಗುಲ ಕತ್ತರಿಸಿದನು, ಇನ್ನೂ ಕಪ್ಪು. ಮತ್ತೊಂದಂಗುಲ, ಇನ್ನೂ ಕಪ್ಪು. ನಾಲ್ಕನೆಯ ತುಂಡಿಗೆ ಕೆಂಪು ಕಂಡಿತು. ಹೊಸ ತಂತಿಯ ಬೆಸುಗೆಯಾಯಿತು, ಗುಂಡಿ ತಿರುಗಿತು. ಒಂಬತ್ತು ವರ್ಷಗಳ ಮೌನವನ್ನೊಡೆದು ಪೆಟ್ಟಿಗೆಯು, ತುಸು ಕೆಮ್ಮಿದಂತೆ ಮಾಡಿ, ಷಡ್ಜವನ್ನು ಹಿಡಿಯಿತು.

ಕೊನೆಯದಾಗಿ ಏನಾದರೂ ಹೇಳುವಿರಾ?

ನಿಮ್ಮ ಮನೆಯ ಟಾರ್ಚನ್ನು ಕಡೆಯ ಸಲ ಹೊತ್ತಿಸಿದ್ದು ಯಾವಾಗ?

ನಾನು ಬೆಣ್ಣೆದೋಸೆಯನ್ನೂ ಬಿಟ್ಟು ಹರಿಹರದ ಬಸ್ಸು ಹತ್ತಿದೆನು.