ಡಲ್ಲಾಸ್ ಭಾವನ ವೋಟು

ಚುನಾವಣೆ ಘೋಷಣೆಯಾದರೆ ಸಾಕು, ಡಲ್ಲಾಸ್‌ನಲ್ಲಿರುವ ನಮ್ಮ ಭಾವನಿಗೆ ನಿದ್ದೆ ಹಾರಿಹೋಗುತ್ತದೆ. ಹೋಗಿ ಎಷ್ಟು ವರ್ಷವಾದರೂ ಪಾಸ್‌ಪೋರ್ಟ್ ಭಾರತದ್ದೇ. ಯಾರಿಗೆ ಟಿಕೆಟ್ಟು, ಯಾವ ಜಾತಿಯ ವೋಟು ಎತ್ತ ವಾಲುತ್ತದೆ, ಯಾರ ಠೇವಣಿ ಹೋಗುತ್ತದೆ, ಜಯನಗರದಲ್ಲೇ ಇರುವ ನನಗೆ ಗೊತ್ತಿಲ್ಲದ್ದೆಲ್ಲ ಅವರಿಗೆ ಬಾಯಿಪಾಠ.

“ಹಾಗಾದರೆ ನೀವೂ ಹೆಸರು ಸೇರಿಸಿ ಭಾವ” ಅಂದೆ. 2011ರಿಂದ ಅನಿವಾಸಿಗಳೂ ಫಾರಂ 6ಎ ತುಂಬಿ ಮತದಾರರಾಗಬಹುದು. ತುಂಬಿಯೇಬಿಟ್ಟರು. ಫ್ಯಾಮಿಲಿ ಗ್ರೂಪಿನಲ್ಲಿ, ಗೆದ್ದ ಅಭ್ಯರ್ಥಿಗೆ ಬರುವಷ್ಟು ಅಭಿನಂದನೆಗಳು ಬಂದವು. ಆದರೆ ವೋಟು ಹಾಕಲು ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಅಂಚೆಯಲ್ಲೂ ಇಲ್ಲ, ಆನ್‌ಲೈನಿನಲ್ಲೂ ಇಲ್ಲ. ಬೇರೆಯವರ ಕೈಲಿ ಹಾಕಿಸಬಹುದೆಂಬ ಮಸೂದೆ 2018ರಲ್ಲಿ ಲೋಕಸಭೆ ದಾಟಿತಾದರೂ ರಾಜ್ಯಸಭೆಯ ಒಪ್ಪಿಗೆ ಸಿಗದೆ ಬಿದ್ದುಹೋಯಿತು.

“ಒಂದು ಗುಂಡಿ ಒತ್ತುವುದಕ್ಕೆ ಅಷ್ಟು ದುಡ್ಡಿನ ಟಿಕೆಟ್ಟೇನೋ?” ಎಂದ ಭಾವ, ಪ್ರಜಾಪ್ರಭುತ್ವವನ್ನೂ ಡಾಲರಿನಿಂದ ರೂಪಾಯಿಗೆ ಲೆಕ್ಕ ಹಾಕಿ ಸುಮ್ಮನಾದರು.

ಹಾಗೆಂದು ನಮ್ಮನ್ನು ಸುಮ್ಮನಿರಲು ಬಿಡಲಿಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ, ಏಪ್ರಿಲ್ 26ರಂದು ಅಮ್ಮ ಎಂಟಕ್ಕೆಲ್ಲ ವೋಟು ಹಾಕಿ ಬಂದಳು. ಡಲ್ಲಾಸ್‌ನಲ್ಲಿ ಆಗ ಹಿಂದಿನ ರಾತ್ರಿ ಒಂಬತ್ತೂವರೆ. ವಿಡಿಯೊ ಕಾಲ್ ಬಂತು.

“ಅತ್ತೆ, ಬೆರಳು ತೋರಿಸಿ. ಇನ್ನೂ ಹತ್ತಿರ... ಹಾಂ, ಉಗುರಿನ ಮೇಲೆ ಚೆನ್ನಾಗಿ ಹಿಡಿದಿದೆ. ಎಷ್ಟಾದರೂ ಮೈಸೂರಿನ ಶಾಯಿ! ನಾನು ಹೇಳಿದವರಿಗೇ ಹಾಕಿದಿರಿ ತಾನೆ?”

“ನಿಮ್ಮ ಮಾವನವರಿಗೇ ಹೇಳಿಲ್ಲ ಅಳಿಯಂದಿರೇ, ಇನ್ನು ನಿಮಗೆ ಹೇಳ್ತೀನಾ?” ಎಂದವಳೇ ಫೋನು ನನ್ನ ಕೈಗಿಟ್ಟು ಒಗ್ಗರಣೆ ನೋಡಲು ಹೋದಳು.

ಆ ಚುನಾವಣೆಯಲ್ಲಿ ಪಟ್ಟಿಯಲ್ಲಿದ್ದ ಅನಿವಾಸಿಗಳು ಸುಮಾರು 1.19 ಲಕ್ಷ. ಬಂದು ಮತ ಹಾಕಿದವರು 2,958. ಅವರಲ್ಲೂ 2,670 ಮಂದಿ ಕೇರಳದ ಮತದಾರರು. ಇದನ್ನು ಹೇಳಿದರೆ ಭಾವ, “ಅವರಿಗೇನಪ್ಪ, ದುಬೈ ಹಿತ್ತಲಿದ್ದ ಹಾಗೆ” ಎಂದು ಆಕಳಿಸಿದರು.

ಭಾವನನ್ನು ನೋಡಿ ನಗುವ ಮುನ್ನ ಇದನ್ನೂ ಕೇಳಿ. ಅವರಿಗೆ ಸಪ್ತಸಾಗರದ ನೆವವಾದರೂ ಉಂಟು. ಅದೇ ದಿನ ನಮ್ಮ ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53 ಮಂದಿ. ಉಳಿದ ಬಹುಪಾಲು ಜನರಿಗೆ ಮತಗಟ್ಟೆ ಇದ್ದದ್ದು ಎರಡು ರಸ್ತೆಯಾಚೆ.